ಖಿಚಡಿ ಹಬ್ಬದಲ್ಲಿ ನೆನಪಾಗುವ ರೈತ

ಕಾಶಿಯಲ್ಲಿ ಸಂಕ್ರಾಂತಿಗೆ ಖಿಚಡಿ ಅಂತಲೇ ಹೆಸರು. ಚಳಿ ಮಂಜಿನಲ್ಲಿ ಜನ ಗಂಗೆಯಲ್ಲಿ ಮುಳುಗೆದ್ದು, ಅಕ್ಕಿ, ಉದ್ದು, ಎಳ್ಳುಂಡೆ ದಾನ ಕೊಟ್ಟು, ಮನೆಗೆ ಹೋಗಿ ಖಿಚಡಿ ಉಣ್ಣುತ್ತಾರೆ. ಹನುಮಾನ್ ಘಾಟಿನ ನಮ್ಮ ಬಾಡಿಗೆ ಮನೆಯಲ್ಲಿ ಮಾತ್ರ ಎಳ್ಳು-ಬೆಲ್ಲ. ಕಿಚ್ಚು ಹಾಯಿಸಲು ದನವಿಲ್ಲ ಅಷ್ಟೆ.

ಆ ದಿನ ನನಗೆ ನೆನಪಾಗುವವರು ದೊಡ್ಡಬಳ್ಳಾಪುರ ತಾಲ್ಲೂಕು ಮರೇನಹಳ್ಳಿಯ ನಾರಾಯಣ ರೆಡ್ಡಿಯವರು. 2019ರ ಜನವರಿ 14ರಂದು, ಸುಗ್ಗಿ ಹಬ್ಬದ ಹೊತ್ತಿಗೇ ಅವರು ತೀರಿಕೊಂಡರು. ಮೊದಲು ಅವರೂ ಎಲ್ಲರ ಹಾಗೆ ಗೊಬ್ಬರದ ಮೂಟೆ, ಔಷಧಿ ಡಬ್ಬ ನಂಬಿದವರೇ. ಫಸಲು ಬಂತು, ದುಡ್ಡು ಉಳಿಯಲಿಲ್ಲ. ಆಮೇಲೆ ಜಪಾನಿನ ಫುಕುವೋಕಾ ತೋರಿದ ದಾರಿ ಹಿಡಿದರು. ಉದುರಿದ ಎಲೆಯನ್ನು ಸುಡದೆ ಮಣ್ಣಿಗೇ ಹೊದಿಸಿದರು, ಎರೆಹುಳುವಿಗೆ ಕೆಲಸ ಬಿಟ್ಟುಕೊಟ್ಟರು. ಕಲಿತದ್ದನ್ನು ಬಚ್ಚಿಡಲಿಲ್ಲ. ತೋಟಕ್ಕೆ ಬಂದವರಿಗೆಲ್ಲ ತೋರಿಸಿದರು, ಊರೂರು ತಿರುಗಿ ಹೇಳಿದರು.

ನಮ್ಮಪ್ಪನೂ ಒಮ್ಮೆ ಅವರ ಮಾತು ಕೇಳಿ ಬಂದು, "ಸಾಲ ಮಾಡಿ ಗೊಬ್ಬರ ತರೋದು ಸಾಕು ಕಣಪ್ಪ" ಅಂದಿದ್ದರು. ಸಂಬಳದ ಗುಂಗಿನಲ್ಲಿದ್ದ ನಾನು ನಕ್ಕಿದ್ದೆ. ಅಪ್ಪ ಹೋದ ಮೇಲೆ ಆ ಎರಡೆಕರೆ ಮಾರಿದ್ದೂ ನಾನೇ. ಈಗ ಅಲ್ಲಿ ಸೈಟಿನ ಕಲ್ಲು ನೆಟ್ಟಿದ್ದಾರೆ.

ಘಾಟಿನ ಮೆಟ್ಟಿಲ ಮೇಲೆ ಪೂಜೆಯ ಚೆಂಡುಹೂವು ಕೊಳೆಯುವುದನ್ನು ಕಂಡರೆ ಕೈ ಸುಮ್ಮನಿರುವುದಿಲ್ಲ. ಬುಟ್ಟಿಯಲ್ಲಿ ತಂದು ಮಹಡಿಯ ಕುಂಡಗಳಿಗೆ ಹೊದಿಸುತ್ತೇನೆ. ಈ ಸಲ ಅವರೆ ಬಳ್ಳಿ ಚೆನ್ನಾಗಿ ಹಬ್ಬಿದೆ. ಇದರಿಂದ ಎರಡೆಕರೆಯ ಲೆಕ್ಕ ತೀರುವುದಿಲ್ಲ, ಗೊತ್ತು. ಆದರೂ ಮೊದಲ ಕಾಯಿ ಕಿತ್ತಾಗ ಅಪ್ಪನ ಹೆಸರು ಹೇಳಿಕೊಂಡೆ.