ಮಗ್ಗದ ಚಿತ್ತಾರ, ಗಣಕದ ಚಿತ್ತಾರ: ಬೌಹೌಸ್ ನೇಯ್ಗೆ ಶಿಕ್ಷಣದ ಒಂದು ಅವಲೋಕನ

ವಸ್ತ್ರವಿನ್ಯಾಸವನ್ನು ಕಲಿಸುವ ಶಾಲೆಗಳಲ್ಲಿ ಈಗ ಸಾಮಾನ್ಯವಾಗಿರುವ ಒಂದು ಅಭ್ಯಾಸಪಾಠವಿದೆ. ವಿದ್ಯಾರ್ಥಿಯು ಇಪ್ಪತ್ತನೆಯ ಶತಮಾನದ ಯಾವುದಾದರೊಂದು ಕಲಾಚಳವಳಿಯನ್ನು ಆರಿಸಿಕೊಂಡು, ಅದರ ಆಕಾರ ಹಾಗೂ ವರ್ಣಗಳಿಂದ ಒಂದು ಘಟಕವನ್ನು ಗಣಕದ ಪರದೆಯ ಮೇಲೆ ರಚಿಸಬೇಕು. ಅನಂತರ ಅದನ್ನು ಪುನರಾವರ್ತಿಸಿ, ಪ್ರತಿಬಿಂಬಿಸಿ, ತಿರುಗಿಸಿ ಬಟ್ಟೆಯ ಹರವಿಗೆ ಹೊಂದಿಸಬೇಕು. ಜರ್ಮನಿಯ ಬೌಹೌಸ್ ಶಾಲೆಯನ್ನು ಆರಿಸಿಕೊಂಡವರ ಪರದೆಯಲ್ಲಿ ಬಹುಮಟ್ಟಿಗೆ ಕಾಣಬರುವುದು ವೃತ್ತ, ತ್ರಿಕೋನ, ಚೌಕ; ಕೆಂಪು, ಹಳದಿ, ನೀಲಿ. ಆದರೆ ಆ ಶಾಲೆಯಲ್ಲಿ ವಸ್ತ್ರದ ಚಿತ್ತಾರವನ್ನು ಕಲಿತದ್ದೂ ಕಲಿಸಿದ್ದೂ ಮಗ್ಗದ ಮುಂದೆ. ಆ ಮಗ್ಗದ ಚರಿತ್ರೆಯನ್ನು ಬಿಟ್ಟು ಆಕಾರಗಳನ್ನಷ್ಟೇ ಎತ್ತಿಕೊಂಡಾಗ ತಪ್ಪಿಹೋಗುವುದೇನು ಎಂಬುದು ಜಾನಪದ ಅಧ್ಯಯನಕ್ಕೂ ಸಂಬಂಧಪಟ್ಟ ಪ್ರಶ್ನೆಯಾಗಿದೆ.

ವಾಸ್ತುಶಿಲ್ಪಿ ವಾಲ್ಟರ್ ಗ್ರೋಪಿಯಸ್ 1919ರಲ್ಲಿ ವೈಮಾರ್ ನಗರದಲ್ಲಿ ಸ್ಥಾಪಿಸಿದ ಬೌಹೌಸ್ 1925ರಲ್ಲಿ ಡೆಸ್ಸಾವ್‌ಗೆ, 1932ರಲ್ಲಿ ಬರ್ಲಿನ್‌ಗೆ ಸ್ಥಳಾಂತರಗೊಂಡು 1933ರಲ್ಲಿ ಮುಚ್ಚಿಹೋಯಿತು. ಸ್ತ್ರೀ ಪುರುಷರೆಂಬ ಭೇದವಿಲ್ಲದ ಪ್ರವೇಶವನ್ನು ಆರಂಭದಲ್ಲಿ ಘೋಷಿಸಲಾಗಿತ್ತಾದರೂ, ಕಲಿಯಲು ಬಂದ ಹೆಣ್ಣುಮಕ್ಕಳನ್ನು ಸ್ವಲ್ಪ ಕಾಲದಲ್ಲಿಯೇ ನೇಯ್ಗೆಯ ಕಡೆಗೆ ಸಾಗಹಾಕಲಾಯಿತು. ಗಾಜಿನ ಕೆಲಸವನ್ನು ಬಯಸಿ 1922ರಲ್ಲಿ ಸೇರಿದ ಆ್ಯನಿ ಆಲ್ಬರ್ಸ್ ಮಗ್ಗದ ಮುಂದೆ ಕುಳಿತದ್ದು ಹೀಗೆಯೇ. ಅಲ್ಲಿಯೂ ಗುರುವೆಂಬವನು ಹೆಸರಿಗಷ್ಟೇ. ಕಾರ್ಯಶಾಲೆಯ ಮೇಲ್ವಿಚಾರಕನಾಗಿದ್ದ ಜಾರ್ಜ್ ಮೂಖೆ ಚಿತ್ರಕಾರ. ನೇಯ್ಗೆಯ ತಂತ್ರ ಅವನಿಗೆ ತಿಳಿಯದು. ಗುಂಟಾ ಸ್ಟೋಲ್ಜ್ಲ್ ಮತ್ತು ಬೆನಿಟಾ ಓಟೆ ಎಂಬ ವಿದ್ಯಾರ್ಥಿನಿಯರು ಕ್ರೆಫೆಲ್ಡ್‌ನ ವೃತ್ತಿಶಾಲೆಗೆ ಹೋಗಿ ಬಣ್ಣಗಾರಿಕೆಯನ್ನೂ ನೇಯ್ಗೆಯನ್ನೂ ಕಲಿತು ಬಂದು ಉಳಿದವರಿಗೆ ಹೇಳಿಕೊಟ್ಟರು. ಬಲ್ಲವರಿಂದ ಕೈಯಿಂದ ಕೈಗೆ ಸಾಗುವ ಈ ಕಲಿಕೆ ಆಧುನಿಕತೆಯ ಕೇಂದ್ರವೆಂದು ಹೆಸರಾದ ಶಾಲೆಯೊಳಗೇ ನಡೆದಿತ್ತೆಂಬುದು ಗಮನಾರ್ಹ. ಡೆಸ್ಸಾವ್‌ನಲ್ಲಿ ಸ್ಟೋಲ್ಜ್ಲ್ 1927ರಿಂದ 1931ರವರೆಗೆ ಆ ಕಾರ್ಯಶಾಲೆಯ ಪೂರ್ಣ ಹೊಣೆ ಹೊತ್ತರು.

ನೇಯ್ಗೆಯ ವಿದ್ಯಾರ್ಥಿನಿಯರಿಗೆ ರೂಪವಿನ್ಯಾಸದ ಪಾಠ ಹೇಳಿದವರು ಚಿತ್ರಕಾರ ಪಾಲ್ ಕ್ಲೇ. ಚೌಕುಳಿಯ ಮೇಲೆ ಒಂದು ಘಟಕವನ್ನಿಟ್ಟು ಅದನ್ನು ಸರಿಸುವುದು, ತಿರುಗಿಸುವುದು, ಕನ್ನಡಿಯಲ್ಲಿ ಕಂಡಂತೆ ಮಗುಚುವುದು, ವರ್ಣಗಳನ್ನು ಅದಲುಬದಲು ಮಾಡುವುದು – ಇವು ಅವರ ಪಾಠದ ಮುಖ್ಯ ಕ್ರಿಯೆಗಳು. ಇಂದಿನ ವಿನ್ಯಾಸ ತಂತ್ರಾಂಶಗಳಲ್ಲಿ ಇವೆಲ್ಲ ಒಂದೊಂದು ಗುಂಡಿಯಾಗಿ ಕುಳಿತಿವೆ. ಆದ್ದರಿಂದ ಗಣಕದ ಪಾಠವು ಬೌಹೌಸ್ ಪರಂಪರೆಗೆ ಪರಕೀಯವೆನ್ನಲಾಗದು. ಗಣಕದ ವಂಶಾವಳಿಯಲ್ಲಿಯೇ ಮಗ್ಗವಿದೆ. ಫ್ರಾನ್ಸಿನ ಜಕಾರ್ಡ್ 1804ರ ಸುಮಾರಿಗೆ ರೂಪಿಸಿದ ಯಂತ್ರದಲ್ಲಿ ರಟ್ಟಿನ ಪಟ್ಟಿಯ ಮೇಲಿನ ರಂಧ್ರಗಳು ಯಾವ ಹಾಸಿನ ಎಳೆ ಏಳಬೇಕು, ಯಾವುದು ತಗ್ಗಿರಬೇಕು ಎಂಬುದನ್ನು ನಿರ್ಣಯಿಸುತ್ತಿದ್ದವು. ಚಾರ್ಲ್ಸ್ ಬ್ಯಾಬೇಜ್ ತನ್ನ ಗಣನಯಂತ್ರದ ಕಲ್ಪನೆಗೆ ಇದೇ ರಂಧ್ರಪಟ್ಟಿಯನ್ನು ಬಳಸಿಕೊಂಡ. ಏಡಾ ಲವ್‌ಲೇಸ್ 1843ರ ತಮ್ಮ ಟಿಪ್ಪಣಿಗಳಲ್ಲಿ ಆ ಯಂತ್ರದ ಕೆಲಸವನ್ನು ಜಕಾರ್ಡ್ ಮಗ್ಗದ ನೇಯ್ಗೆಗೆ ಹೋಲಿಸಿದರು. ಸ್ಟೋಲ್ಜ್ಲ್ ಅವರ 1928ರ ಪ್ರಸಿದ್ಧ ಭಿತ್ತಿವಸ್ತ್ರವೊಂದು ಜಕಾರ್ಡ್ ಮಗ್ಗದಲ್ಲಿಯೇ ನೇಯಲ್ಪಟ್ಟಿದೆ.

ವ್ಯತ್ಯಾಸವಿರುವುದು ಬೇರೆ ಕಡೆ. ಕ್ಲೇ ಅವರ ಪಾಠ ಮುಗಿದೊಡನೆ ವಿದ್ಯಾರ್ಥಿನಿ ಮಗ್ಗಕ್ಕೆ ಮರಳುತ್ತಿದ್ದಳು. ಕಾಗದದ ಮೇಲೆ ಒಪ್ಪಿದ್ದು ಹಾಸುಹೊಕ್ಕಿನಲ್ಲಿ ಒಪ್ಪದಿದ್ದರೆ ಕಾಗದವೇ ಸೋಲಬೇಕಿತ್ತು. ಆಲ್ಬರ್ಸ್ ತಮ್ಮ 1930ರ ಪದವಿಗಾಗಿ ಬೆರ್ನಾವ್‌ನ ಕಾರ್ಮಿಕ ಸಂಘಟನೆಯ ಶಾಲೆಯ ಸಭಾಂಗಣಕ್ಕೆ ಸಿದ್ಧಪಡಿಸಿದ ಗೋಡೆವಸ್ತ್ರ ಇದಕ್ಕೆ ಒಳ್ಳೆಯ ನಿದರ್ಶನ. ಅದರ ಒಂದು ಬದಿ ಬೆಳಕನ್ನು ಪ್ರತಿಫಲಿಸುತ್ತಿತ್ತು, ಇನ್ನೊಂದು ಬದಿ ಸದ್ದನ್ನು ಹೀರಿಕೊಳ್ಳುತ್ತಿತ್ತು. ಅಲ್ಲಿ ವೃತ್ತವೂ ಇಲ್ಲ, ತ್ರಿಕೋನವೂ ಇಲ್ಲ. ನೂಲಿನ ಗುಣವೇ ವಿನ್ಯಾಸ. ಬೌಹೌಸ್ ಪ್ರೇರಿತವೆಂದು ಇಂದು ಪರದೆಯ ಮೇಲೆ ಮೂಡುವ ಮಾದರಿಗಳಲ್ಲಿ ಈ ವಸ್ತ್ರಕ್ಕೆ ಸ್ಥಾನ ದೊರೆಯುವುದು ಕಷ್ಟ.

ಪ್ರೇರಣೆಯ ಮೂಲವನ್ನು ಇನ್ನೂ ಹಿಂದಕ್ಕೆ ಹುಡುಕಬಹುದು. 1933ರಲ್ಲಿ ಅಮೆರಿಕಕ್ಕೆ ವಲಸೆ ಹೋಗಿ ಉತ್ತರ ಕೆರೊಲಿನಾದ ಬ್ಲ್ಯಾಕ್ ಮೌಂಟನ್ ಕಾಲೇಜಿನಲ್ಲಿ ಪಾಠ ಹೇಳಿದ ಆಲ್ಬರ್ಸ್, ಆಂಡೀಸ್ ಸೀಮೆಯ ಪ್ರಾಚೀನ ವಸ್ತ್ರಗಳನ್ನು ಆಳವಾಗಿ ಅಭ್ಯಾಸ ಮಾಡಿದರು. ನೇಯ್ಗೆಯನ್ನು ಕುರಿತ ತಮ್ಮ 1965ರ ಗ್ರಂಥವನ್ನು ಅವರು ಪೆರುವಿನ ಆ ಹೆಸರಿಲ್ಲದ ನೇಕಾರರಿಗೆ, ತಮ್ಮ ಗುರುಗಳೆಂದು ಭಾವಿಸಿ, ಅರ್ಪಿಸಿದ್ದಾರೆ. ಕಲಾಚಳವಳಿಯಿಂದ ಪ್ರೇರಿತವೆನ್ನುವ ಪಾಠಪುಸ್ತಕದ ವಂಶವೃಕ್ಷವು ಚಳವಳಿಯಲ್ಲಿಯೇ ನಿಂತುಬಿಡುತ್ತದೆ. ಸ್ವತಃ ಆ ಚಳವಳಿಯವರು ನಿಲ್ಲಿಸಿರಲಿಲ್ಲ. ಭಾರತದಲ್ಲಿಯೂ ಇದಕ್ಕೆ ಸಮಾನವಾದ ಪ್ರಸಂಗವೊಂದಿದೆ. ಬೌಹೌಸ್ ಹುಟ್ಟಿದ 1919ರಲ್ಲಿಯೇ ಶಾಂತಿನಿಕೇತನದ ಕಲಾಭವನವೂ ಆರಂಭವಾಯಿತು. ಅಲ್ಲಿ ಆಲ್ಪನಾ ರಂಗವಲ್ಲಿಯನ್ನು ಕಲಿಸಲು ಕರೆತಂದದ್ದು ಚಿತ್ರಶಾಲೆಯ ಪದವೀಧರರನ್ನಲ್ಲ, ಪೂರ್ವಬಂಗಾಳದ ಮನೆಯಂಗಳದಲ್ಲಿ ಅದನ್ನು ರೂಢಿಸಿಕೊಂಡಿದ್ದ ಸುಕುಮಾರಿ ದೇವಿ ಎಂಬ ವಿಧವೆಯನ್ನು. ಬೌಹೌಸ್ ಕಲಾವಿದರ ಕೃತಿಗಳು 1922ರ ಡಿಸೆಂಬರಿನಲ್ಲಿ ಕಲ್ಕತ್ತೆಯಲ್ಲಿ ಪ್ರದರ್ಶನಗೊಂಡವು.

ಕರ್ನಾಟಕದ ಕಸೂತಿಯನ್ನು ಈ ಹಿನ್ನೆಲೆಯಲ್ಲಿ ನೋಡಬೇಕು. ಧಾರವಾಡ ಸೀಮೆಯ ಈ ಕಲೆ ಎಳೆಗಳನ್ನು ಎಣಿಸಿ ಹಾಕುವಂಥದು. ಬಟ್ಟೆಯ ಮೇಲೆ ಗೆರೆ ಬರೆದುಕೊಳ್ಳುವ ಪದ್ಧತಿ ಸಂಪ್ರದಾಯದಲ್ಲಿಲ್ಲ. ಹಾಸುಹೊಕ್ಕಿನ ಎಳೆಗಳೇ ಚೌಕುಳಿಯಾಗುವುದರಿಂದ ಗೋಪುರ, ತೇರು, ತುಳಸಿಕಟ್ಟೆ, ಆನೆಗಳನ್ನು ಪರದೆಯ ಚೌಕಗಳಿಗೆ ಇಳಿಸುವುದು ಬಲು ಸುಲಭ. ಈ ಸೌಲಭ್ಯವೇ ಮೋಸಗೊಳಿಸುತ್ತದೆ. ಗಾವಂತಿ ಹೊಲಿಗೆಯಲ್ಲಿ ಸೂಜಿ ಒಮ್ಮೆ ಎಡೆಬಿಟ್ಟು ಸಾಗಿ, ಮರಳುವಾಗ ಆ ಎಡೆಗಳನ್ನು ತುಂಬುತ್ತ ಬರುತ್ತದೆ. ಬಟ್ಟೆಯ ಎರಡೂ ಬದಿ ಒಂದೇ ಆಗಿ ಕಾಣಬೇಕು. ಪರದೆಯಲ್ಲಿ ಒಂದು ಗೆರೆಯನ್ನು ಉಳಿದುದರಿಂದ ದೂರ, ಬಿಡಿಯಾಗಿ ಇಡಬಹುದು. ಗಾವಂತಿಯಲ್ಲಿ ಅದನ್ನು ತಲಪಲು ದಾರ ಹಿಂಬದಿಯಲ್ಲಿ ಹಾದುಹೋಗಬೇಕಾಗಿ ನಿಯಮವೇ ಮುರಿಯುತ್ತದೆ. ಹೀಗೆ ಗಾವಂತಿಯ ಚಿತ್ತಾರವೆಂದರೆ ಬರಿಯ ಆಕೃತಿಯಲ್ಲ, ಸೂಜಿಯು ಹೋಗಿ ಮರಳುವ ದಾರಿಯೂ ಹೌದು. ಮುರ್ಗಿ, ನೇಯ್ಗಿ, ಮೆಂತ್ಯೆಗಳಿಗೂ ತಮ್ಮ ತಮ್ಮ ಕಟ್ಟಳೆಗಳಿವೆ. ಮೆಂತ್ಯೆಯ ಅಡ್ಡಹೊಲಿಗೆಯನ್ನು ಚೌಕದೊಳಗಿನ ಬಣ್ಣವೆಂದು ಎಣಿಸಿದರೆ ಹೆಚ್ಚು ನಷ್ಟವಾಗದಿರಬಹುದು. ಗಾವಂತಿಯ ಮಾತು ಹಾಗಲ್ಲ.

ಚಿತ್ತಾರ ಯಾರದು ಎಂಬ ಪ್ರಶ್ನೆಯೂ ಇಲ್ಲಿ ಏಳುತ್ತದೆ. ಬೌಹೌಸ್‌ನ ನೇಕಾರ್ತಿ ಓಟಿ ಬರ್ಗರ್ ಕಾರ್ಖಾನೆಗಳು ತಯಾರಿಸುವ ಬಟ್ಟೆಯ ಮೇಲೆ ತಮ್ಮ ಗುರುತಿರಬೇಕೆಂದು ಪಟ್ಟುಹಿಡಿದವರು. ಪೀಠೋಪಕರಣಗಳಿಗೆ ಹೊಂದುವ ಇಪ್ಪದರ ನೇಯ್ಗೆಯೊಂದಕ್ಕೆ 1934ರಲ್ಲಿ ಜರ್ಮನಿಯಲ್ಲಿ ಹಕ್ಕುಪತ್ರವನ್ನೂ ಪಡೆದರು. ಯೆಹೂದ್ಯರಾಗಿದ್ದ ಅವರನ್ನು ನಾಜಿಗಳು 1944ರಲ್ಲಿ ಔಶ್‌ವಿಟ್ಜ್ ಶಿಬಿರದಲ್ಲಿ ಕೊಂದರು. ಹೆಸರಿಗಾಗಿ ಅವರು ನಡೆಸಿದಂತಹ ಹೋರಾಟ ಕಸೂತಿ ಹಾಕುವ ಹೆಂಗಸರಿಗೆ ಸಾಧ್ಯವಾಗಲಿಲ್ಲ. ಕಸೂತಿಗೆ ಭೌಗೋಳಿಕ ಗುರುತಿನ ಮಾನ್ಯತೆ ದೊರೆತಿದೆ. ಆದರೆ ಅದು ಕಾಪಾಡುವುದು ಮುಖ್ಯವಾಗಿ ಹೆಸರನ್ನು, ಒಂದೊಂದು ಆಕೃತಿಯನ್ನಲ್ಲ. ಭಾರತದ 2000ನೆಯ ಇಸವಿಯ ವಿನ್ಯಾಸ ಅಧಿನಿಯಮ ಹೊಸದಾದ ಅಥವಾ ಸ್ವಂತವಾದ ವಿನ್ಯಾಸಕ್ಕೆ ಮೊದಲು ಹತ್ತು ವರ್ಷ, ಅನಂತರ ಇನ್ನೈದು ವರ್ಷ ರಕ್ಷಣೆ ನೀಡುತ್ತದೆ. ತಲೆಮಾರುಗಳಿಂದ ಬಂದ ತುಳಸಿಕಟ್ಟೆ ಹೊಸದಲ್ಲವಾದ್ದರಿಂದ ಅದನ್ನು ಹಾಕುತ್ತ ಬಂದವಳು ಈ ಅಧಿನಿಯಮದ ಹೊರಗೆ ಉಳಿಯುತ್ತಾಳೆ. ಅದೇ ತುಳಸಿಕಟ್ಟೆಯನ್ನು ಪರದೆಯ ಮೇಲೆ ಸಾಕಷ್ಟು ಮಾರ್ಪಡಿಸಿದ ವಿದ್ಯಾರ್ಥಿ ನೋಂದಣಿಗೆ ಅರ್ಜಿ ಹಾಕಬಹುದು. ಆ ಅರ್ಜಿಯಲ್ಲಿ ಆಕೆಯ ಹೆಸರನ್ನು ಕಾಣಿಸಬೇಕೆಂಬ ನಿರ್ಬಂಧವಿಲ್ಲ.