ಬಿಳಿಗಿರಿಯ ಎಲ್ಲೆಗಳು

ಯಳಂದೂರಿನಿಂದ ಬೆಟ್ಟ ಹತ್ತುವವರ ಕಣ್ಣು ಬಿಳಿಬಂಡೆಯ ನೆತ್ತಿಯ ಮೇಲಿನ ರಂಗಪ್ಪನ ಗುಡಿಯ ಕಡೆಗೇ ಇರುತ್ತದೆ. ಬೆಟ್ಟಕ್ಕೆ ಹೆಸರು ಬಂದದ್ದೂ ಆ ಬಂಡೆಯಿಂದಲೇ. ಸಂಕ್ರಾಂತಿಯ ಚಿಕ್ಕಜಾತ್ರೆಗೂ ವೈಶಾಖದ ದೊಡ್ಡಜಾತ್ರೆಗೂ ಬಯಲಿನ ಒಕ್ಕಲುಗಳು ಸಾಲುಗಟ್ಟಿ ಬರುತ್ತವೆ. ಇಲ್ಲಿನ ಕಾಡಿನ ಜನ ಸೋಲಿಗರಿಗೆ ರಂಗಪ್ಪ ದೇವರೂ ಹೌದು, ನೆಂಟನೂ ಹೌದು. ತಮ್ಮ ಹುಡುಗಿ ಕುಸುಮಾಲೆಯನ್ನು ಮೆಚ್ಚಿ ಮದುವೆಯಾದವನಾದ್ದರಿಂದ ಅವರ ಬಾಯಲ್ಲಿ ಅವನು ಭಾವ.

ಈ ಕತೆ ಜಾತ್ರೆಗೆ ಬಂದವರಿಗೆಲ್ಲ ಗೊತ್ತು. ಊರಿನ ಇನ್ನೂ ಹಳೆಯ ಚರಿತ್ರೆ ಕಾಡಿನೊಳಗಿದೆ. ಸೋಲಿಗರ ಕಾಡು ಎಲ್ಲೆಗಳಾಗಿ ಹಂಚಿಹೋಗಿದೆ. ಒಂದೊಂದು ಎಲ್ಲೆಯನ್ನು ಒಂದೊಂದು ಕುಲ ನೋಡಿಕೊಳ್ಳುತ್ತದೆ. ಅದರೊಳಗೆ ದೇವರು, ಮಾರಮ್ಮ, ವೀರು, ಕಲ್ಲುಗುಡಿ, ಅಬ್ಬಿ ಎಂಬ ತಾಣಗಳು. ಗೋಡೆಯಿಲ್ಲ, ಗೋಪುರವಿಲ್ಲ. ಒಂದು ಮರ, ನಾಲ್ಕು ಕಲ್ಲು, ಹರಿಯುವ ನೀರು, ಅಷ್ಟೇ. ಭಾರ್ಗವಿ ಹೊಳೆಯ ದಡದ ದೊಡ್ಡಸಂಪಿಗೆ ಇವುಗಳಲ್ಲೆಲ್ಲ ಹಿರಿಯದು. ಅದರ ವಯಸ್ಸನ್ನು ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಬುಡದ ಸುತ್ತ ಲಿಂಗದಂಥ ಕಲ್ಲುಗಳು ಗುಂಪುಗೂಡಿವೆ. ಪೂಜೆ ತಮ್ಮಡಿ ಎಂಬ ಪೂಜಾರಿಯದು. ಆ ಮರದ ಕೆಳಗೆ ನಿಂತವರಿಗೆ ದೇವರು ಎಲ್ಲಿದ್ದಾನೆಂದು ಯಾರೂ ಬೆರಳು ಮಾಡಿ ತೋರಿಸಬೇಕಿಲ್ಲ.

ಸುಗ್ಗಿ ಮುಗಿದ ಮೇಲೆ ರೊಟ್ಟಿಹಬ್ಬ ಬರುತ್ತದೆ. ಹೊಸ ರಾಗಿಯ ಹಿಟ್ಟನ್ನು ಎಲೆಯಲ್ಲಿ ಸುತ್ತಿ ಕೆಂಡದಲ್ಲಿ ಬೇಯಿಸಿ, ದೇವರಿಗೆ ಎಡೆಯಿಟ್ಟು, ರಾತ್ರಿಯೆಲ್ಲ ಗೊರುಕನ ಹಾಡಿ ಕುಣಿಯುತ್ತಾರೆ. ಹಾಡಿನಲ್ಲಿ ಕಾಡಿನ ಪ್ರಾಣಿಗಳೂ ಪಕ್ಷಿಗಳೂ ಬಂದುಹೋಗುತ್ತವೆ.

1974ರಲ್ಲಿ ಈ ಕಾಡು ಅಭಯಾರಣ್ಯವಾಯಿತು. ಕುಮರಿ ಬೇಸಾಯ ನಿಂತಿತು. ಎಲ್ಲೆಗಳಲ್ಲಿ ಚದುರಿ ಬಾಳುತ್ತಿದ್ದವರು ರಸ್ತೆಬದಿಯ ಪೋಡುಗಳೆಂಬ ಹಾಡಿಗಳಿಗೆ ಬಂದರು. ದೇವರು ಅಲ್ಲೇ ಉಳಿದ, ಒಕ್ಕಲು ಇಲ್ಲಿಗೆ ಬಂದಿತು. ತರಗು ಬೆಂಕಿಗೂ ತಡೆ ಬಿತ್ತು. ಬೇಸಿಗೆ ಏರುವ ಮೊದಲೇ, ತರಗೆಲೆ ದಟ್ಟವಾಗಿ ಬೀಳುವ ಮುಂಚೆ ಹಾಕುತ್ತಿದ್ದ ತಗ್ಗುಬೆಂಕಿ ಅದು. ನೆಲದ ತರಗಷ್ಟೇ ಸುಟ್ಟು ದೊಡ್ಡ ಮರಗಳು ಉಳಿಯುತ್ತಿದ್ದವು. ಆ ಬೆಂಕಿ ನಿಂತ ಮೇಲೆ ಲಂಟಾನ ಆಳೆತ್ತರ ಬೆಳೆಯಿತು, ನೆಲ್ಲಿ ಮರಗಳಿಗೆ ಉಪ್ಪಿಲು ಎಂಬ ಬಂದಣಿಕೆ ಹತ್ತಿತು ಎಂದು ಸೋಲಿಗ ಹಿರಿಯರು ಹೇಳುತ್ತಲೇ ಬಂದಿದ್ದಾರೆ. ಲಂಟಾನ ಮುಚ್ಚಿದ ಹಾದಿಯಲ್ಲಿ ಪೂಜೆಗೆ ಹೋಗುವುದಾದರೂ ಹೇಗೆ? ಹಾದಿ ಮುಚ್ಚಿದರೆ ತಾಣದ ಹೆಸರು ಮರೆಯುತ್ತದೆ. ಹೆಸರು ಮರೆತ ಮಕ್ಕಳಿಗೆ ಅದು ಬರೀ ಪೊದೆ.

ಅದಕ್ಕೇ ಮುಂದಿನ ಕೆಲಸ ನನಗೆ ದೊಡ್ಡದಾಗಿ ಕಾಣುತ್ತದೆ. ಏಟ್ರೀ ಸಂಸ್ಥೆಯ ಸಂಶೋಧಕರ ಜೊತೆ ಸೋಲಿಗರೇ ಕಾಡು ಸುತ್ತಿ, ಎಲ್ಲೆ ಎಲ್ಲೆಯ ತಾಣಗಳನ್ನು ಗುರುತಿಸಿ ನಕ್ಷೆ ಮಾಡಿದರು. 400ಕ್ಕೂ ಹೆಚ್ಚು ತಾಣಗಳು ಅದರಲ್ಲಿ ಸೇರಿದವು. 2011ರ ಜನವರಿಯಲ್ಲಿ ಕಾಡು ಹುಲಿ ಸಂರಕ್ಷಿತ ಪ್ರದೇಶವಾದಾಗ ಪೋಡುಗಳಲ್ಲಿ ಎದ್ದ ಆತಂಕ ಸಣ್ಣದಲ್ಲ. ಅದೇ ವರ್ಷದ ಅಕ್ಟೋಬರಿನಲ್ಲಿ ಅರಣ್ಯ ಹಕ್ಕು ಕಾಯ್ದೆಯಡಿ 25 ಗ್ರಾಮಸಭೆಗಳಿಗೆ ಸಮುದಾಯದ ಹಕ್ಕುಪತ್ರ ಸಿಕ್ಕಿತು. ಹುಲಿಕಾಡಿನೊಳಗೆ ಇಂಥ ಹಕ್ಕು ದೇಶದಲ್ಲೇ ಮೊದಲು ಸಿಕ್ಕಿದ್ದು ಇವರಿಗೆ. ಜೇನು, ನೆಲ್ಲಿ ಕೂಡಿಸುವ ಹಕ್ಕಿನಷ್ಟೇ ಮುಖ್ಯವಾದದ್ದು ತಮ್ಮ ತಾಣಗಳಿಗೆ ಹೋಗಿ ಪೂಜೆ ಮಾಡುವ ಹಕ್ಕು. ತಾತನ ಜೊತೆ ಮೊಮ್ಮಗ ಎಲ್ಲೆಗೆ ನಡೆದರೆ ಕುಲದ ಕತೆ, ಗಿಡದ ಹೆಸರು, ನೀರಿನ ಜಾಡು ಮೂರೂ ಒಟ್ಟಿಗೆ ಅವನಿಗೆ ದಕ್ಕುತ್ತವೆ. ಈ ಜನರ ಭಕ್ತಿಗೆ ಮತ್ತೆ ಜೀವ ಬರುವ ದಾರಿ ಇದೇ.

ಒಂದು ಕೆಲಸ ಬಾಕಿಯಿದೆ. ಗ್ರಾಮಸಭೆಗಳನ್ನು ಕೂರಿಸಿಕೊಂಡು, ಹಿರಿಯರು ತೋರಿಸಿದ ಜಾಗದಲ್ಲಿ, ಅವರು ಹೇಳಿದ ಕಾಲಕ್ಕೆ ತರಗು ಬೆಂಕಿಯನ್ನು ಅರಣ್ಯ ಇಲಾಖೆ ಪರೀಕ್ಷಿಸಿ ನೋಡಲಿ. ಆ ಬೆಂಕಿಯ ಹದ ಬಲ್ಲವರು ಇನ್ನೂ ಪೋಡುಗಳಲ್ಲಿ ಇದ್ದಾರೆ, ಅವರಿಗೆ ವಯಸ್ಸಾಗುತ್ತಿದೆ.