ಏಡಿಯ ಮೇಲಿನ ಆರೋಪ

ಕಕ್ಕಡ ತಿಂಗಳು ಬಂತೆಂದರೆ ಕೊಡಗಿನ ಮನೆಗಳಲ್ಲಿ ಎರಡೇ ಮಾತು. ಒಂದು ಮಳೆಯದು, ಇನ್ನೊಂದು ಮಂಡಿಯದು. ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗಿನ ಈ ಅವಧಿಯಲ್ಲಿ ಭಾಗಮಂಡಲ, ತಲಕಾವೇರಿ ಕಡೆ ದಿನಗಟ್ಟಲೆ ಬಿಸಿಲು ಕಾಣುವುದಿಲ್ಲ. ನಾಟಿಗೆಂದು ಬೆಳಗಿನಿಂದ ಸಂಜೆಯವರೆಗೆ ಕೆಸರಿನಲ್ಲಿ ಬಗ್ಗಿ ನಿಂತವರು ರಾತ್ರಿ ಒಲೆಯ ಮುಂದೆ ಕುಳಿತು ಮೊಣಕಾಲು ನೀವಿಕೊಳ್ಳುತ್ತಾರೆ. ಅಡುಗೆಮನೆಯೂ ಈ ತಿಂಗಳಿಗೆ ತಕ್ಕಂತೆ ಬದಲಾಗುತ್ತದೆ. ಕಣಿಲೆ, ಅಣಬೆ, ಕೆಸುವಿನ ಸೊಪ್ಪು, ಗದ್ದೆಯ ಏಡಿ ಒಲೆಗೆ ಬರುತ್ತವೆ. ಏಡಿ ಸಾರು ಮೈಗೆ ಕಾವು ಕೊಡುತ್ತದೆ ಎಂಬುದು ಹಿರಿಯರ ನಂಬಿಕೆ. ಕಕ್ಕಡದ 18ನೇ ದಿನ, ಅಂದರೆ ಆಗಸ್ಟ್ 3ರ ಸುಮಾರಿಗೆ, ಮದ್ದುಸೊಪ್ಪಿನ ರಸದಲ್ಲಿ ಪಾಯಸವನ್ನೋ ಪುಟ್ಟನ್ನೋ ಮಾಡಿ ತಿನ್ನುತ್ತಾರೆ. ಅಂದು ಆ ಸೊಪ್ಪಿನಲ್ಲಿ 18 ಬಗೆಯ ಔಷಧ ಸೇರಿರುತ್ತದೆ ಎಂದು ಹೇಳಿಕೆ. ಮರುದಿನ ಮೂತ್ರ ಕೆಂಪಾಗುವುದನ್ನು ಕಂಡು ಹೊಸಬರು ಗಾಬರಿಯಾಗುವುದೂ ಉಂಟು. ಅದು ಸೊಪ್ಪಿನ ಬಣ್ಣವೇ ಹೊರತು ರಕ್ತವಲ್ಲ.

ಕೊಡಗಿನಲ್ಲಿ ಹೀಗೆ ಮದ್ದಿನ ಪಂಕ್ತಿಯಲ್ಲಿ ಕುಳಿತಿರುವ ಏಡಿ, ಇದೇ ಪಶ್ಚಿಮ ಘಟ್ಟದ ಉತ್ತರಕ್ಕಿರುವ ಶಿವಮೊಗ್ಗ ಜಿಲ್ಲೆಯಲ್ಲಿ ಒಂದು ಕಾಲಕ್ಕೆ ಆರೋಪಿಯ ಸ್ಥಾನದಲ್ಲಿತ್ತು. ಆರೋಪವೂ ಸಣ್ಣದಲ್ಲ. ನೂರಾರು ಬಡವರ ಕೀಲುಗಳನ್ನು ಕೆಡಿಸಿದ್ದು ಅದೇ ಎಂದು!

ಸಾಗರ ತಾಲ್ಲೂಕಿನ ಹಂದಿಗೋಡು ಗ್ರಾಮದಲ್ಲಿ 1974-75ರ ಸುಮಾರಿಗೆ ಒಂದು ವಿಚಿತ್ರ ಕಾಯಿಲೆ ವೈದ್ಯರ ಗಮನಕ್ಕೆ ಬಂತು. ಸೊಂಟದ ಕೀಲಿನಲ್ಲಿ, ಮೊಣಕಾಲಿನಲ್ಲಿ ನೋವು ಆರಂಭ. ಬರಬರುತ್ತ ಕುಕ್ಕರಗಾಲಿನಲ್ಲಿ ಕೂರಲಾಗದು, ಗದ್ದೆಯಲ್ಲಿ ಬಗ್ಗಲಾಗದು, ಕೊನೆಗೆ ಕೋಲಿಲ್ಲದೆ ನಡೆಯಲಾಗದು. ಮುದುಕರಿಗೆ ಬರುವ ಸಂಧಿವಾತ ಇಲ್ಲಿ ದುಡಿಯುವ ವಯಸ್ಸಿನವರಿಗೂ ಮಕ್ಕಳಿಗೂ ಬಂದಿತ್ತು. ಕೆಲವರ ಎತ್ತರವೇ ಕುಂಠಿತವಾಗಿ ಕುಳ್ಳರಾಗಿ ಉಳಿದಿದ್ದರು. ಪೀಡಿತರಲ್ಲಿ ಹೆಚ್ಚಿನವರು ದಲಿತ ಕೂಲಿ ಕುಟುಂಬದವರು. ನಡು ಬಗ್ಗಿಸಿ ದುಡಿದರೆ ಮಾತ್ರ ಅಂದಿನ ಊಟ ಎನ್ನುವವರಿಗೆ ನಡುವೇ ಕೈಕೊಟ್ಟರೆ ಏನು ಗತಿ? ಶಿವಮೊಗ್ಗ ಮತ್ತು ಚಿಕ್ಕಮಗಳೂರು ಜಿಲ್ಲೆಗಳ ಇನ್ನೂ ಕೆಲವು ಹಳ್ಳಿಗಳಲ್ಲಿ ಇದೇ ರೋಗ ಇರುವುದು ಪತ್ತೆಯಾಯಿತು. ಹೆಸರು ಮಾತ್ರ ಹಂದಿಗೋಡಿಗೇ ಅಂಟಿಕೊಂಡಿತು. 1957ರಲ್ಲಿ ಪಕ್ಕದ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡು ಮಂಗನ ಕಾಯಿಲೆಗೆ ಹೆಸರು ಕೊಟ್ಟಿತ್ತು. ಇಪ್ಪತ್ತು ವರ್ಷದೊಳಗೆ ಅದೇ ಜಿಲ್ಲೆಯ ಇನ್ನೊಂದು ಊರು ವೈದ್ಯಗ್ರಂಥ ಸೇರಿತು. ಯಾವ ಊರೂ ಬಯಸದ ಕೀರ್ತಿ ಇದು.

ಕಾರಣವೇನು ಎಂಬ ಪ್ರಶ್ನೆಗೆ ಮೊದಲು ಸಿಕ್ಕಿಬಿದ್ದದ್ದು ಏಡಿ. ಅದಕ್ಕೆ ಹಿನ್ನೆಲೆ ಇತ್ತು. 1960ರ ದಶಕದಲ್ಲಿ ಹಸಿರು ಕ್ರಾಂತಿಯ ಜತೆ ಹೊಸ ಭತ್ತದ ತಳಿಗಳು ಬಂದವು. ತಳಿಗಳ ಬೆನ್ನಿಗೇ ಎಂಡ್ರಿನ್, ಪ್ಯಾರಾಥಿಯಾನ್‌ನಂತಹ ಘೋರ ಕೀಟನಾಶಕಗಳು ಗದ್ದೆಗಿಳಿದವು. ಔಷಧಿ ಹೊಡೆದ ಗದ್ದೆಯಲ್ಲಿ ಸತ್ತು ತೇಲುವ ಏಡಿ, ಮೀನುಗಳನ್ನು ಬಡ ಕೂಲಿಗಳು ಆಯ್ದು ತಂದು ಬೇಯಿಸಿ ತಿನ್ನುತ್ತಿದ್ದರು. ವಿಷದ ಏಡಿ, ವಿಷ ತಿಂದ ಕೂಲಿ, ಕೆಟ್ಟ ಕೀಲು. ಮೂರನ್ನೂ ಜೋಡಿಸಿದರೆ ಯಾರೂ ನಂಬುವ ಕಥೆ ತಯಾರಾಗುತ್ತಿತ್ತು. ಪತ್ರಿಕೆಗಳೂ ನಂಬಿದವು. ನಮ್ಮ ವೃತ್ತಿಯವರಿಗೆ ಇಂಥ ಕಥೆ ಕಂಡರೆ ಕೈ ಸುಮ್ಮನಿರುವುದಿಲ್ಲ ಎಂಬುದನ್ನು ಒಪ್ಪಿಕೊಳ್ಳಬೇಕು.

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಆರ್.ವಿ. ಭಟ್ ಮತ್ತು ಕೆ.ಎ.ವಿ.ಆರ್. ಕೃಷ್ಣಮಾಚಾರಿ ಅವರು ಈ ರೋಗವನ್ನು ಅಧ್ಯಯನ ಮಾಡಿ 1977ರಲ್ಲಿ ವರದಿ ಪ್ರಕಟಿಸಿದರು. ಅವರು ಕೊಟ್ಟ ಹೆಸರು ಗಮನಿಸುವಂಥದ್ದು: ಮಲೆನಾಡಿನ ಸ್ಥಳೀಯ ಕೌಟುಂಬಿಕ ಸಂಧಿವಾತ. ರೋಗ ಊರಿನ ಎಲ್ಲರಿಗೂ ಹರಡಿಲ್ಲ, ಕೆಲವು ಕುಟುಂಬಗಳನ್ನು ಹಿಡಿದು ಕೂತಿದೆ ಎಂಬ ಸುಳಿವು ಆ ಹೆಸರಿನಲ್ಲೇ ಇತ್ತು. 1980ರ ದಶಕದಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ವಿಸ್ತೃತ ಅಧ್ಯಯನ ಕೈಗೊಂಡಿತು. ಲಖನೌದ ಸಂಜಯ ಗಾಂಧಿ ಸ್ನಾತಕೋತ್ತರ ವೈದ್ಯಕೀಯ ಸಂಸ್ಥೆಯ ಎಸ್.ಎಸ್. ಅಗರವಾಲ್ ಮತ್ತು ಸಂಗಡಿಗರು ಪೀಡಿತರ ಎಕ್ಸ್‌ರೇಗಳನ್ನು ಪರಿಶೀಲಿಸಿ 1994ರಲ್ಲಿ ಪ್ರಕಟಿಸಿದ ಲೇಖನ ಚಿತ್ರವನ್ನು ಬದಲಿಸಿತು. ಇದು ಮೂಳೆಯ ಬೆಳವಣಿಗೆಯಲ್ಲೇ ಇರುವ ದೋಷ, ತಂದೆ ಅಥವಾ ತಾಯಿಯಿಂದ ಮಕ್ಕಳಿಗೆ ಇಳಿದು ಬರುವಂಥದ್ದು ಎಂದು ಅವರು ತೋರಿಸಿದರು. ಮೂಳೆಯ ತುದಿ ಸರಿಯಾಗಿ ರೂಪುಗೊಳ್ಳದಿದ್ದರೆ ಅದರ ಮೇಲಿನ ಮೃದ್ವಸ್ಥಿ ಬೇಗ ಸವೆಯುತ್ತದೆ. ದೇಹದ ಭಾರವೆಲ್ಲ ಬೀಳುವ ಸೊಂಟದ ಕೀಲು ಮೊದಲು ಸೋಲುತ್ತದೆ.

ಇಲ್ಲಿ ಸ್ವಲ್ಪ ನಿಂತು ಲೆಕ್ಕ ನೋಡಬೇಕು. ಹೆತ್ತವರಲ್ಲಿ ಒಬ್ಬರಿಗೆ ಈ ದೋಷವಿದ್ದರೆ ಸಾಕು, ಹುಟ್ಟುವ ಪ್ರತಿ ಮಗುವಿಗೂ ಅದು ಬರುವ ಸಂಭವ ಅರ್ಧಕ್ಕರ್ಧ. ಗಂಡು, ಹೆಣ್ಣು ಎಂಬ ಭೇದವಿಲ್ಲ. ದೋಷವಿಲ್ಲದ ಮನೆಯಿಂದ ಬಂದ ಸೊಸೆ ಅದೇ ಪಾತ್ರೆಯ ಸಾರು ಉಂಡರೂ ಅವಳಿಗೆ ಈ ರೋಗ ಬರುವುದಿಲ್ಲ. ವಿಷವೇ ಕಾರಣವಾಗಿದ್ದರೆ ಅದು ಹೀಗೆ ವಂಶ ನೋಡಿ ಆರಿಸುತ್ತಿತ್ತೇ? ಸೋದರ ಸಂಬಂಧದ ಮದುವೆಯಿಂದ ಈ ರೋಗ ಹುಟ್ಟಿತು ಎಂಬ ಮಾತೂ ಚಾಲ್ತಿಯಲ್ಲಿದೆ. ಅದೂ ಸರಿಯಲ್ಲ. ಇಂಥ ದೋಷ ಇಳಿದು ಬರಲು ಇಬ್ಬರೂ ಒಂದೇ ರಕ್ತದವರಾಗಬೇಕಿಲ್ಲ. ಮದುವೆಗಳು ಒಂದೇ ಸಮುದಾಯದೊಳಗೆ ನಡೆಯುವುದರಿಂದ ಅದು ಹೊರಗೆ ಹೋಗದೆ ಅಲ್ಲಲ್ಲೇ ಸುತ್ತುತ್ತದೆ, ಅಷ್ಟೇ. ರೋಗ ಅಂಟುಜಾಡ್ಯವಲ್ಲ, ತಿಂದದ್ದರ ಫಲವಲ್ಲ, ಯಾರ ತಪ್ಪೂ ಅಲ್ಲ. ಹೆಣ್ಣು ಕೊಡುವ, ತರುವ ಮಾತು ಬಂದಾಗ ಊರಿನ ಹೆಸರು ಹೇಳಲು ಅಂಜುವವರಿಗೆ ಈ ಮೂರು ಸಂಗತಿ ತಲುಪುವುದು ಮುಖ್ಯ.

ಹಾಗೆಂದು ಕೀಟನಾಶಕದ ಮೇಲಿನ ಅನುಮಾನ ಪೂರ್ತಿ ವ್ಯರ್ಥವೆನ್ನಲಾಗದು. ಎಂಡ್ರಿನ್ ವಿಷವೆಂಬುದು ನಿಜವೇ. 1990ರಲ್ಲಿ ಭಾರತ ಅದನ್ನು ನಿಷೇಧಿಸಿತು. ಆದರೆ ಈ ಮೊಕದ್ದಮೆಯಲ್ಲಿ ಅದು ಅಪರಾಧಿಯಾಗಿರಲಿಲ್ಲ.

ಹಂದಿಗೋಡು ಒಂಟಿಯೂ ಅಲ್ಲ. ದಕ್ಷಿಣ ಆಫ್ರಿಕಾದ ಜುಲು ನಾಡಿನ ಉತ್ತರ ಭಾಗದಲ್ಲಿ ಮ್ಸೆಲೆನಿ ಎಂಬಲ್ಲಿ ಸೊಂಟದ ಕೀಲನ್ನೇ ತಿನ್ನುವ ಇಂಥದೇ ರೋಗವಿದೆ. ಎರಡೂ ಒಂದೇ ಇರಬಹುದೇ ಎಂದು ಅಗರವಾಲ್ ಮತ್ತು ಕೇಪ್‌ಟೌನಿನ ಪೀಟರ್ ಬೈಟನ್ ಮುಂತಾದವರು 1997ರಲ್ಲಿ ಹೋಲಿಸಿ ನೋಡಿದರು. ಸಾವಿರಾರು ಮೈಲು ದೂರದ ಎರಡು ಬಡ ಹಳ್ಳಿಗಳ ಎಕ್ಸ್‌ರೇಗಳು ಒಂದೇ ಮೇಜಿನ ಮೇಲೆ ಬಂದವು.

ಈಗ ಮತ್ತೆ ಕೊಡಗಿಗೆ ಬರೋಣ. ಇಲ್ಲಿ ಕಕ್ಕಡದಲ್ಲಿ ನೋಯುವ ಮಂಡಿಗಳಿಗೆ ಹಂದಿಗೋಡಿನ ರೋಗವಿಲ್ಲ. ಆದರೆ ಹಂದಿಗೋಡಿನಲ್ಲಿ ಕೇಳಿದ ಪ್ರಶ್ನೆಯನ್ನು ಇಲ್ಲೂ ಕೇಳಬೇಕಾಗುತ್ತದೆ: ಇದು ಯಾವ ಕೀಲುನೋವು? ನಮ್ಮ ಪ್ರಾಚೀನ ವೈದ್ಯರೂ ಎಲ್ಲವನ್ನೂ ಒಂದೇ ‘ವಾತ’ ಎಂದು ಬಿಟ್ಟವರಲ್ಲ. ಮಾಧವಕರನ ‘ಮಾಧವ ನಿದಾನ’ ಆಮವಾತವನ್ನು ಪ್ರತ್ಯೇಕ ರೋಗವೆಂದು ವಿವರಿಸಿತು. ಚರಕ ಸಂಹಿತೆ ವಾತರಕ್ತವನ್ನು ಬೇರೆಯಾಗಿಯೇ ಹೇಳಿ ಅದಕ್ಕೆ ಆಢ್ಯವಾತ, ಅಂದರೆ ಸಿರಿವಂತರ ವಾತ ಎಂಬ ಹೆಸರನ್ನೂ ಕೊಟ್ಟಿತು. ಚೆನ್ನಾಗಿ ಉಂಡು ಮೈ ಬಗ್ಗಿಸದವರಿಗೆ ಬರುವುದೆಂಬ ಚುಚ್ಚು ಅದರಲ್ಲಿದೆ.

ಏರು ಹತ್ತಿ ಇಳಿದು, ಹೊರೆ ಹೊತ್ತು ಸವೆದ ಮಂಡಿ ನಡೆದಾಗ ನೋಯುತ್ತದೆ, ಕುಳಿತರೆ ತಗ್ಗುತ್ತದೆ. ಇದಕ್ಕೆ ತೂಕ ಇಳಿಸುವುದು, ತೊಡೆಯ ಸ್ನಾಯು ಬಲಗೊಳಿಸುವ ವ್ಯಾಯಾಮ, ಕುಕ್ಕರಗಾಲಿನಲ್ಲಿ ಕೂರುವುದನ್ನು ಬಿಡುವುದು ಮಾತ್ರೆಗಿಂತ ಮೊದಲ ಉಪಾಯ. ನೋವೆಂದು ಪೂರ್ತಿ ಮಲಗಿಬಿಟ್ಟರೆ ಸ್ನಾಯು ಸೊರಗಿ ಕೀಲು ಇನ್ನಷ್ಟು ಬಿಗಿಯುತ್ತದೆ. ಬೆಳಿಗ್ಗೆ ಎದ್ದಾಗ ಎರಡೂ ಕೈಗಳ ಬೆರಳ ಗಿಣ್ಣು ಊದಿಕೊಂಡು, ಗಂಟೆಗೂ ಹೆಚ್ಚು ಹೊತ್ತು ಮುಷ್ಟಿ ಕಟ್ಟಲಾಗದಿದ್ದರೆ ಅದು ಆಮವಾತದ ಸೂಚನೆ. ಎಣ್ಣೆ ನೀವುತ್ತ ತಿಂಗಳುಗಟ್ಟಲೆ ಕಾಯುವುದು ಇದರಲ್ಲಿ ಅಪಾಯ. ಮೆಥೊಟ್ರೆಕ್ಸೇಟ್‌ನಂತಹ ಔಷಧ ಬೇಗ ಆರಂಭವಾದರೆ ಕೀಲು ಉಳಿಯುತ್ತದೆ, ತಡವಾದರೆ ಸೊಟ್ಟಾದ ಬೆರಳು ನೇರವಾಗದು. ಜ್ವರದೊಡನೆ ಬಂದು ಕೀಲು ಹಿಡಿಯುವ ಚಿಕುನ್‌ಗುನ್ಯಾ ಇನ್ನೊಂದು ಜಾತಿ. 2006ರಲ್ಲಿ ದೇಶದಲ್ಲೇ ಅತಿ ಹೆಚ್ಚು ಶಂಕಿತ ಪ್ರಕರಣಗಳು ಕರ್ನಾಟಕದಲ್ಲಿದ್ದವು. ಜ್ವರ ಹೋದ ಮೇಲೂ ತಿಂಗಳುಗಟ್ಟಲೆ ಗೋಡೆ ಹಿಡಿದು ನಡೆದವರನ್ನು ನಮ್ಮೂರುಗಳು ಕಂಡಿವೆ. ಮದ್ದುಸೊಪ್ಪನ್ನು ತಿನ್ನಲು ಅಡ್ಡಿಯಿಲ್ಲ. ಅದು ಕೀಲುನೋವನ್ನು ಗುಣಪಡಿಸುತ್ತದೆಂದು ನಂಬಿ ವೈದ್ಯರು ಕೊಟ್ಟ ಮಾತ್ರೆ ನಿಲ್ಲಿಸುವುದು ಮಾತ್ರ ಬೇಡ.

ಹಂದಿಗೋಡಿನಂತಹ ರೋಗಕ್ಕೆ ಕೃತಕ ಸೊಂಟದ ಕೀಲು ಜೋಡಿಸುವ ಶಸ್ತ್ರಚಿಕಿತ್ಸೆಯಿದೆ. ದೋಷವನ್ನು ಅದು ತೆಗೆಯದು, ನಡಿಗೆಯನ್ನು ಹಿಂದಿರುಗಿಸಬಲ್ಲದು. ಕೂಲಿ ಕುಟುಂಬಕ್ಕೆ ಅದರ ಖರ್ಚು, ದೂರದ ಆಸ್ಪತ್ರೆ, ಕೆಲಸ ತಪ್ಪುವ ತಿಂಗಳುಗಳು ಬೇರೆಯೇ ಲೆಕ್ಕ.

ಇನ್ನು ಏಡಿ. ಅದು ಸಂಪೂರ್ಣ ನಿರಪರಾಧಿಯೆಂದು ತೀರ್ಪು ಕೊಡುವಂತಿಲ್ಲ. ಹೆಬ್ಬೆರಳ ಬುಡ ರಾತ್ರೋರಾತ್ರಿ ಕೆಂಡದಂತೆ ಉರಿಯುವ ಗೌಟ್, ಅಂದರೆ ಆ ಸಿರಿವಂತರ ವಾತ, ರಕ್ತದಲ್ಲಿ ಯೂರಿಕ್ ಆಮ್ಲ ಹೆಚ್ಚಿದಾಗ ಬರುತ್ತದೆ. ಮಾಂಸ, ಮದ್ಯ, ಏಡಿ, ಸಿಗಡಿ ಅದನ್ನು ಏರಿಸುತ್ತವೆ. ಯೂರಿಕ್ ಆಮ್ಲ ಹೆಚ್ಚಿದೆ ಎಂದು ರಕ್ತಪರೀಕ್ಷೆ ಹೇಳಿದವರು ಕಕ್ಕಡದಲ್ಲೂ ಏಡಿ ಸಾರನ್ನು ಒಂದು ಸೌಟಿಗೆ ನಿಲ್ಲಿಸಬೇಕು. ಬರೀ ಸವೆದ ಮಂಡಿಯವರು ಇನ್ನೊಂದು ಸೌಟು ಬಡಿಸಿಕೊಂಡರೆ ಮಂಡಿಗೇನೂ ತೊಂದರೆಯಿಲ್ಲ.